ಹುಟ್ಟುಹಬ್ಬದ ಕಲ್ಲಂಗಡಿ

ಈ ಬೇಸಿಗೆಯಲ್ಲಿ ಎರಡು ಬಸ್ಸಿನಷ್ಟು ಉದ್ದದ ಮೊಸಳೆಯ ಜೊತೆ ನಾನು ಬರಿಗೈಯಲ್ಲಿ ಕುಸ್ತಿ ಆಡಿದ್ದೇನೆ.

ಅಂದು ಮಗಳ ಹುಟ್ಟುಹಬ್ಬ. ಕೇಕ್ ಬೇಡ, ಕಲ್ಲಂಗಡಿಯನ್ನೇ ಕತ್ತರಿಸುತ್ತೇನೆಂದು ಅವಳ ಹಟ. ಹಣ್ಣು ತಣ್ಣಗಾಗಲೆಂದು ಹೊಳೆಯ ನೀರಿನಲ್ಲಿಟ್ಟು, ನನ್ನನ್ನು ಕಾವಲಿಗೆ ಕೂರಿಸಿ, ಎಲ್ಲರೂ ಮರಳಿನಲ್ಲಿ ಆಡಲು ಹೋದರು. ಮೇಣದಬತ್ತಿ ಹಿಡಿದು ವಾಪಸ್ ಬಂದರೆ ಹಣ್ಣೇ ಇಲ್ಲ!

"ರೀ, ಹಣ್ಣೆಲ್ಲಿ?" ಎಂದಳು ಹೆಂಡತಿ.

"ಮೊಸಳೆ ಕಣೇ! ಬಾಲ ಹಿಡಿದು ಗಿರಗಿರ ತಿರುಗಿಸಿದೆ. ಆದ್ರೂ ಇಡೀ ಹಣ್ಣು ನುಂಗಿಬಿಡ್ತು."

ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಹಣ್ಣು ಹೋದ್ರೆ ಹೋಗ್ಲಿ ಅಪ್ಪಾ. ಬೀಜ ನುಂಗಿದ್ರೆ ಹೊಟ್ಟೇಲಿ ಬಳ್ಳಿ ಬೆಳೆಯುತ್ತೆ ಅಂತ ಅಜ್ಜಿ ಹೇಳಿದಾರೆ. ಪಾಪ, ಮೊಸಳೆ ಸತ್ತೋಗತ್ತೆ!"

ಅವಳ ಅಳು ನಿಲ್ಲಲೇ ಇಲ್ಲ. ನಾನು ಅವಳ ಕಣ್ಣೊರೆಸಿದೆ.

"ಅಳಬೇಡ ಬಂಗಾರಿ, ಬೀಜಾನೆಲ್ಲ ನಾನು ಉಗುಳಿದೀನಿ."