ಹಸಿ ಕಣ

ಸರ್ವೆ ಇಲಾಖೆಯ ಜೀವಂಧರಯ್ಯನವರ ಬೂಟು ಕುಂಬ್ರಿಗೊಪ್ಪದ ಊರ ಕಣದ ಮೇಲೆ ಏಳು ಹೆಜ್ಜೆ ಮೂಡಿಸಿದ ಮೇಲೆ ಕೆರಿಯಮ್ಮನ ಕೂಗು ಬಿತ್ತು.

"ಅಯ್ಯಯ್ಯೋ! ನಿಲ್ರೀ ಅಲ್ಲೇ! ಹಸಿ ಕಣ ಕಾಣಲ್ವಾ?"

ಜೀವಂಧರಯ್ಯ ಒಂದು ಕಾಲು ಎತ್ತಿಕೊಂಡು ಹಾಗೇ ನಿಂತರು. ಎಳೆಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದರೆ, ಹೌದಲ್ಲ! ಅಷ್ಟಗಲದ ಕಣಕ್ಕೆ ಪೂರ್ತಿ ಸಗಣಿ ಸಾರಿಸಿದೆ. ಹಿಂದಿನಿಂದ ಅಳತೆಯ ಸರಪಳಿ ಹೊತ್ತು ಬಂದ ಪಟೇಲ ಸುಬ್ಬಪ್ಪ ನಾಲಗೆ ಕಚ್ಚಿಕೊಂಡು ಅಂಚಿನಲ್ಲೇ ನಿಂತ. ಪಟೇಲನಾದರೂ ಊರವನೇ ತಾನೆ, ಅವನ ಕಾಲು ಕಣಕ್ಕೆ ತಾಗಿರಲಿಲ್ಲ.

ಆ ಜಾಗದಲ್ಲಿ ಗೋದಾಮು ಕಟ್ಟುವುದೆಂದು ತೀರ್ಮಾನವಾಗಿತ್ತು. ಮೇಲಿನವರು ಕೇಳಿದ್ದರು, ಸುಬ್ಬಪ್ಪ ಹೂಂ ಅಂದಿದ್ದ. ಅಧಿಕಾರಿಗಳೆದುರು ಉಹೂಂ ಅನ್ನುವುದು ಅವನ ಜಾತಕದಲ್ಲೇ ಇಲ್ಲ. ಇವತ್ತು ಅಳೆದು ನಾಲ್ಕು ಮೂಲೆಗೆ ಕಲ್ಲು ನೆಟ್ಟರೆ ಮುಗಿಯಿತು. ಗುಡ್ಡದ ಮಗ್ಗುಲಿನ ಆ ಊರಲ್ಲಿ ಮಟ್ಟಸವಾದ ನೆಲ ಅಂತ ಇದ್ದದ್ದು ಅದೊಂದೇ. ಭತ್ತದ ಒಕ್ಕಲು ಅಲ್ಲೇ, ಮದುವೆಯ ಪಂಕ್ತಿ ಅಲ್ಲೇ, ಕೋಲಾಟ ಅಲ್ಲೇ, ಜಗಳ ಆಡಿದವರು ರಾಜಿಯಾಗುವುದೂ ಅಲ್ಲೇ. ಕೆರಿಯಮ್ಮ ನಲವತ್ತು ವರ್ಷದಿಂದ ಅದನ್ನು ಸಾರಿಸುತ್ತ ಬಂದವಳು. ಕಣ ಹೋಗುತ್ತದೆ ಅಂತ ಕೇಳಿದ ದಿನದಿಂದ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅತ್ತಿಗೇ, ಒಕ್ಕಲಿಗೆ ಇನ್ನೂ ಹದಿನೈದು ದಿನ ಇದೆಯಲ್ಲ! ಇವತ್ತೇ ಯಾಕೆ ಸಾರ್ಸಿದ್ರಿ?" ಎಂದ ಸುಬ್ಬಪ್ಪ, ಹಲ್ಲು ಕಚ್ಚಿ.

"ಸಾಯೇಬ್ರು ಬರ್ತಾರಲ್ಲ ಮಾರಾಯ. ಗಲೀಜು ನೆಲಕ್ಕೆ ಕರೆಯಕ್ಕಾಗ್ತದಾ?" ಕೆರಿಯಮ್ಮನ ಮುಖದಲ್ಲಿ ಎಲ್ಲಿಲ್ಲದ ಭಕ್ತಿ. ನಸುಕಿನಲ್ಲೇ ಊರ ಹೆಂಗಸರನ್ನೆಲ್ಲ ಎಬ್ಬಿಸಿ, ಹದಿನೆಂಟು ಬುಟ್ಟಿ ಸಗಣಿ ಹೊರಿಸಿದ್ದನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳಲಿಲ್ಲ.

"ತಪ್ಪಾಯ್ತಮ್ಮ," ಎಂದರು ಜೀವಂಧರಯ್ಯ. "ಇದು ಒಣಗೋದು ಯಾವಾಗ?"

"ಸಂಜೆಗೆ ಒಣಗ್ತಿತ್ತು. ಈಗ ತುಳಿದ್ರಲ್ಲ. ಹಸಿ ಕಣ ತುಳಿದವರು ಯಾರೇ ಆಗ್ಲಿ, ತಾವೇ ಸಾರ್ಸಿ ಕೊಡಬೇಕು ಅಯ್ಯ. ನಮ್ಮೂರ ಕಟ್ಟಳೆ. ನಮ್ಮ ಮಾವ ಪಟೇಲ್ರಾಗಿದ್ದಾಗ ತುಳಿದು, ಪೇಟ ಬಿಚ್ಚಿಟ್ಟು ಸಾರ್ಸಿದ್ರು. ಬೇಕಾದ್ರೆ ಅವರ ಮಗನ್ನೇ ಕೇಳಿ, ಇಲ್ಲೇ ನಿಂತಿದಾನೆ."

"ಸುಮ್ನಿರಿ ಅತ್ತಿಗೆ! ಸರ್ಕಾರದವರ ಹತ್ರ ಸಗಣಿ ಬಳಿಸ್ತೀರಾ?" ಸುಬ್ಬಪ್ಪನಿಗೆ ಬೆವರು ಕಿತ್ತುಕೊಂಡು ಬಂತು. ಬೈಗುಳ ಬೀಳುತ್ತದೆ ಎಂದು ಕೆರಿಯಮ್ಮನೂ ಒಳಗೊಳಗೇ ಹೆದರಿದ್ದಳು. ಆದರೆ ಜೀವಂಧರಯ್ಯ ಆಗಲೇ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದರು.

ಪ್ಯಾಂಟು ಮೊಣಕಾಲಿಗೇರಿತು. ಅಡಿಕೆ ಹಾಳೆಯ ತುಂಡು ಕೈಗೆ ಬಂತು. ಮೊದಲೆರಡು ಎಳೆತ ಸೊಟ್ಟಗೆ ಹೋಯಿತು. ಮೂರನೆಯದಕ್ಕೆ ಕೈ ಹಳೆಯದನ್ನೆಲ್ಲ ನೆನಪು ಮಾಡಿಕೊಂಡಿತು. ಅರ್ಧಚಂದ್ರ, ಅದರ ಪಕ್ಕ ಇನ್ನೊಂದು, ಹಾಗೇ ಹಿಂದೆ ಹಿಂದೆ ಸರಿಯುತ್ತ. ಕೆರಿಯಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

"ಇದನ್ನ ಎಲ್ಲಿ ಕಲಿತ್ರಿ ಅಯ್ಯ?"

"ನಮ್ಮೂರು ಹುಂಚದ ಹತ್ರ ಅಮ್ಮ. ತಾಯಿ ಧರ್ಮಾವತಿ ಅಂತ, ಅವರು ಸಾರಿಸೋರು, ನಾನು ನೀರು ಹೊಯ್ಯೋನು. ತುಳಿದು ಬೈಸ್ಕೊಂಡಿದ್ದೂ ಉಂಟು." ಅವರು ಇನ್ನೊಂದು ಅರ್ಧಚಂದ್ರ ಎಳೆದರು. "ಎರಡು ವರ್ಷ ಸಾಗರದ ಕಡೆ, ಲಿಂಗನಮಕ್ಕಿ ನೀರಲ್ಲಿ ಮುಳುಗೋ ಊರುಗಳನ್ನ ಅಳೀತಿದ್ದೆ. ಎಷ್ಟು ಕಣದಲ್ಲಿ ಸರಪಳಿ ಎಳೆದೆನೋ. ಒಬ್ಬರೂ ಬೈಲಿಲ್ಲ. ಯಾರಾದ್ರೂ ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತಿತ್ತು."

ಕೆರಿಯಮ್ಮನಿಗೆ ತಡೆಯಲಾಗಲಿಲ್ಲ. "ಸುಳ್ಳು ಯಾಕೆ ಹೇಳ್ಲಿ ಅಯ್ಯ, ನಿಮ್ಮನ್ನ ತಡೆಯಕ್ಕೇ ಸಾರ್ಸಿದ್ದು. ಈ ಕಣ ಹೋದ್ರೆ ನಾವು ನಾಲ್ಕು ಜನ ಒಂದ್ಕಡೆ ಸೇರಕ್ಕೆ ಜಾಗ ಇಲ್ಲ."

"ಬೂಟಿಗೆ ಮೆತ್ತಿದಾಗ್ಲೇ ಗೊತ್ತಾಯ್ತಮ್ಮ," ಎಂದು ಜೀವಂಧರಯ್ಯ ನಕ್ಕರು. ಕೊನೆಯ ಎಳೆತ ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದರು. "ಪಟೇಲ್ರೆ, ಮೇಲಿನ ಆ ಜಂಬಿಟ್ಟಿಗೆ ದಿಬ್ಬ ಯಾರದ್ದು?"

"ಸರ್ಕಾರದ್ದೇ ಸ್ವಾಮಿ. ಅಲ್ಲಿ ಹುಲ್ಲೂ ಹುಟ್ಟಲ್ಲ."

"ಗೋದಾಮಿಗೆ ಹುಲ್ಲು ಯಾಕ್ರೀ? ಇದು ತಗ್ಗು, ಮಳೆಗಾಲದಲ್ಲಿ ಚೀಲಕ್ಕೆಲ್ಲ ತಂಡಿ ಹಿಡೀತದೆ. ದಿಬ್ಬನೇ ಒಳ್ಳೇದು ಅಂತ ನಾನೇ ಬರೆದು ಕಳಿಸ್ತೀನಿ. ನಡೀರಿ, ಅಲ್ಲಿ ಅಳೆಯೋಣ."

"ಹೂಂ ಸ್ವಾಮಿ!" ಎಂದ ಸುಬ್ಬಪ್ಪ. ಹುಟ್ಟಿದಾಗಿನಿಂದ ಅಷ್ಟು ಖುಷಿಯಲ್ಲಿ ಅವನು ಹೂಂ ಅಂದದ್ದೇ ಇಲ್ಲ. ಕೆರಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಸಾಹೇಬರಿಗೆ ಮಜ್ಜಿಗೆ ತರಲು ಮನೆಗೆ ಓಡಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗಿತ್ತು.

ತಂಬಿಗೆ ಹಿಡಿದು ಹೊಸಿಲು ದಾಟಿದ್ದಳಷ್ಟೆ, ದಿಬ್ಬದ ಮೇಲಿಂದ ದೊಡ್ಡ ಬೊಬ್ಬೆ ಕೇಳಿಸಿತು. ಏನು ಗ್ರಹಚಾರವೋ ಎಂದು ನೋಡಿದರೆ, ಬೇಲಿ ನುಸುಳಿದ ಹೇಂಟೆ ಕೋಳಿಯೊಂದು ಆರು ಮರಿಗಳನ್ನು ಕಟ್ಟಿಕೊಂಡು ಕಣದ ಕಡೆಗೆ ಸವಾರಿ ಹೊರಟಿತ್ತು. ಸರ್ಕಾರದ ಸರಪಳಿಯನ್ನು ಅಲ್ಲೇ ಬಿಸಾಕಿ, ಸರ್ವೆ ಸಾಹೇಬರು ಬರಿಗಾಲಲ್ಲಿ ಕಲ್ಲುಮುಳ್ಳು ನೋಡದೆ ಇಳಿದು ಓಡಿ ಬರುತ್ತಿದ್ದರು, ಎರಡೂ ಕೈ ಬೀಸುತ್ತ: "ಹುಶ್! ಹುಶ್! ಯಾರಾದ್ರೂ ಓಡಿಸ್ರೋ! ನಮ್ಮ ಕಣ!"