ಪೆಂಬರ್ ಧಣಿಯ ಪ್ರಮಾಣ

ಅಂಗಳದಲ್ಲಿ ಡಾಂಬರು ಕುದಿಯುತ್ತಿತ್ತು. ಪಕ್ಕದಲ್ಲಿ ಮೂಟೆಗಟ್ಟಲೆ ಕೋಳಿಪುಕ್ಕ. ಯಾರ ಮೈಗೆ ಬಳಿದು ಪುಕ್ಕ ಅಂಟಿಸಲು ಎಂದು ಗಾಡ್‌ಫ್ರಿ ಪೆಂಬರ್ ಕೇಳಬೇಕಾಗಿರಲಿಲ್ಲ.

ವರ್ಜೀನಿಯಾದ ಆ ನದಿತೀರದಲ್ಲಿ ಅವನಷ್ಟು ಹೊಗೆಸೊಪ್ಪು ಬೆಳೆಯುವವರಿರಲಿಲ್ಲ. ಇಂಗ್ಲೆಂಡಿನ ರಾಜ ನೇಮಿಸಿದ ಗವರ್ನರನಿಗೆ ಅವನಷ್ಟು ಹತ್ತಿರದ ಸಲಹೆಗಾರನೂ ಇರಲಿಲ್ಲ. ಈಗ ಗವರ್ನರ್ ಓಡಿಹೋಗಿ ಹಡಗು ಹತ್ತಿದ್ದ. ಊರು ರಾಜನ ವಿರುದ್ಧ ಎದ್ದ ದಂಗೆಕೋರರ ಕೈ ಸೇರಿತ್ತು.

"ಪೆಂಬರ್ ಸಾಹೇಬ್ರೇ," ಪಕ್ಕದ ತೋಟದ ಹಚಿನ್ಸ್ ಹೊರಗಿನಿಂದ ಕೂಗಿದ. "ರಾಜನ್ನ ಬಿಟ್ಟೆ ಅಂತ ಬೈಬಲ್ ಮುಟ್ಟಿ ಹೇಳಿ. ಇಲ್ಲಾಂದ್ರೆ ಅಂಗಿ ಬಿಚ್ಚಿ. ಡಾಂಬರು ಆರಿಹೋಗುತ್ತೆ."

"ಸತ್ತರೂ ಹೇಳೋದಿಲ್ಲ," ಎಂದ ಪೆಂಬರ್, ಕಿಟಕಿಯ ಪರದೆಯ ಹಿಂದೆ, ಪಿಸುದನಿಯಲ್ಲಿ.

ಅಡುಗೆಮನೆಯ ಗುಲಾಮ ಹೆಂಗಸು ಕೆಜಾಯ ಅವನ ಕೋಟು ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

"ಹೇಳ್ಬಿಡಿ ಧಣಿ. ಬರೀ ಬಾಯಿಮಾತು ತಾನೇ? ನಿಮಗೇನಾದ್ರೂ ಆದ್ರೆ ನಮ್ಮ ಗತಿ ಏನು?"

"ರಾಜ ಏನಂದುಕೊಂಡಾನು?"

"ರಾಜ ಸಮುದ್ರದಾಚೆ ಇದಾನೆ. ಡಾಂಬರು ಬಾಗಿಲಲ್ಲೇ ಇದೆ."

ಆ ಕಾಳಜಿಗೆ ಪೆಂಬರ್ ಕರಗಿದ. ಹೊರಗೆ ಬಂದು ಬೈಬಲ್ ಮುಟ್ಟಿ ಏನೋ ಗೊಣಗಿದ. ಬೇಲಿಯಾಚೆ ಅವನ ಗುಲಾಮರೆಲ್ಲ ಸೇರಿದ್ದರು.

"ಗಟ್ಟಿಯಾಗಿ, ಧಣಿ," ಹಿಂದಿನಿಂದ ಕೆಜಾಯ ಮೆಲ್ಲಗೆ ಹೇಳಿದಳು. "ಹಿಂದಿದ್ದೋರಿಗೆ ಕೇಳಿಸಲಿಲ್ಲ."

ಅವನು ಗಟ್ಟಿಯಾಗಿ ಹೇಳಿದ. ಜನ ಹೋ ಎಂದರು. ಡಾಂಬರು ವಾಪಸು ಹೋಯಿತು.

ಮರುದಿನ ಬೆಳಿಗ್ಗೆ ಕಾಫಿ ಬರಲಿಲ್ಲ. ಗುಲಾಮರ ಗುಡಿಸಲುಗಳು ಖಾಲಿ. ದಡದಲ್ಲಿ ದೋಣಿಗಳೂ ಇಲ್ಲ.

ಅವರು ಹೋದದ್ದೆಲ್ಲಿಗೆ ಎಂದು ಬೆಸ್ತರಿಂದ ತಿಳಿದಾಗ ಪೆಂಬರನಿಗೆ ನಗು ಬಂತು. ಮೂರ್ಖರು, ಅವನ ಸ್ನೇಹಿತನ ಮಡಿಲಿಗೇ ಹೋಗಿ ಬಿದ್ದಿದ್ದರು! ಬೆಸ್ತರದೇ ಒಂದು ದೋಣಿ ಹಿಡಿದು ಗವರ್ನರನ ಹಡಗು ಹತ್ತಿದ. ಕೆಜಾಯ ಅಲ್ಲಿ ಸಿಪಾಯಿಗಳಿಗೆ ಗಂಜಿ ಬಡಿಸುತ್ತಿದ್ದಳು.

"ಇವರೆಲ್ಲ ನನ್ನ ಆಳುಗಳು," ಎಂದು ಕಾವಲಿನ ಅಧಿಕಾರಿಗೆ ಹೇಳಿದ. "ರಾಜನಿಷ್ಠನ ಆಸ್ತಿ. ಒಪ್ಪಿಸಿಬಿಡಿ."

"ಖಂಡಿತ ಸ್ವಾಮಿ. ರಾಜನಿಷ್ಠರ ಗುಲಾಮರನ್ನ ನಾವು ಇಟ್ಕೊಳ್ಳೋದಿಲ್ಲ. ದಂಗೆಕೋರರ ಗುಲಾಮರಿಗೆ ಮಾತ್ರ ಬಿಡುಗಡೆ. ಗವರ್ನರ್ ಆಜ್ಞೆ ಹೊರಟು ವಾರವಾಯ್ತು, ನಿಮಗೆ ಗೊತ್ತಿಲ್ವೆ?" ಅಧಿಕಾರಿ ಕೆಜಾಯಳತ್ತ ತಿರುಗಿದ. "ಏನಮ್ಮ, ನಿಮ್ಮ ಧಣಿ ಯಾರ ಕಡೆ?"

ಕೆಜಾಯ ಸೌಟು ಕೆಳಗಿಟ್ಟಳು.

"ದಂಗೆಕೋರರ ಕಡೆ ಸ್ವಾಮಿ. ಬೈಬಲ್ ಮುಟ್ಟಿ ರಾಜನ್ನ ಬಿಟ್ಟೆ ಅಂದ್ರು. ನಾವೆಲ್ಲ ಕೇಳಿಸ್ಕೊಂಡೇ ಹೊರಟ್ವಿ."