ನಡುಮನೆಯ ಸಮುದ್ರಕ್ಕೆ ವಿಷ

ಬತ್ತಿಸಿದ ನೀರಿಗೆ ಎರಡು ಹನಿ ದ್ರಾವಣ ಬಿಟ್ಟದ್ದೇ ತಡ, ಗಾಜಿನ ನಳಿಕೆಯಲ್ಲಿ ಕೆಂಗಂದು ಬಣ್ಣ ಇಳಿಯಿತು. ತಾಮ್ರ! ಬದರಿನಾಥ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಂಡತಿಯನ್ನು ಕೂಗಿದ.

“ಅಲಮೇಲು, ಯಾರೋ ವಿಷ ಹಾಕಿದಾರೆ!”

“ಅಯ್ಯೋ, ಯಾರಿಗೆ?”

“ತೊಟ್ಟಿಗೆ!”

“ಅಷ್ಟೇನಾ,” ಎಂದಿತು ಅಡುಗೆಮನೆ. ಒಗ್ಗರಣೆ ಮುಂದುವರಿಯಿತು.

ಅದು ೧೯೮೩. ಬನಶಂಕರಿ ಎರಡನೇ ಹಂತದಲ್ಲಿ ಗೋಲ್ಡ್‌ಫಿಷ್ ಸಾಕಿದವರು ಬೇಕಾದಷ್ಟಿದ್ದರು. ಸಮುದ್ರದ ಮೀನು ಸಾಕಿದವನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಬದರಿನಾಥನೊಬ್ಬನೇ. ರೈಲ್ವೆ ಗಾರ್ಡ್ ಆಗಿದ್ದ ಭಾವಮೈದುನ ಮದರಾಸಿನಿಂದ ಕ್ಯಾನುಗಳಲ್ಲಿ ನೀರು ತಂದುಕೊಡುತ್ತಿದ್ದ. ನಡುಮನೆಯ ಗಾಜಿನ ತೊಟ್ಟಿಯಲ್ಲಿ, ಆ ನೀರಿನಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಜೊತೆಗೊಂದು ಸಮುದ್ರಹೂವು. ಹೆಸರಿಗೆ ಹೂವು, ಅದೂ ಪ್ರಾಣಿಯೇ. ಬದರಿನಾಥ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನೀರಿನ ಉಪ್ಪು ಅಳೆಯುತ್ತಿದ್ದ. ಆವಿಯಾದಷ್ಟಕ್ಕೆ ಕುದಿಸಿ ಆರಿಸಿದ ಸಿಹಿನೀರು ಸೇರಿಸುತ್ತಿದ್ದ. ಆಮೇಲೆ ಅಮೋನಿಯಾ ಪರೀಕ್ಷೆ. ಆಮೇಲೆ ಕಾಫಿ.

ಮೂರು ವಾರದ ಹಿಂದೆ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದಿದ್ದವು. ಅವು ಮೂಲೆ ಸೇರಿ ತೇಕುತ್ತಿದ್ದವು. ಬದರಿನಾಥನಿಗೆ ಊಟ ಸೇರುತ್ತಿರಲಿಲ್ಲ. ಉತ್ತರಹಳ್ಳಿಯಿಂದ ಮನೆಗೆಲಸಕ್ಕೆ ಬರುತ್ತಿದ್ದ ಮುನಿಯಕ್ಕ ಕೂಡ ಪೊರಕೆ ಹಿಡಿದು ತೊಟ್ಟಿಯ ಮುಂದೆ ನಿಂತುಬಿಡುತ್ತಿದ್ದಳು.

“ಇದು ನಿಜವಾಗ್ಲೂ ಸಮುದ್ರದ್ ನೀರಾ, ಸಾರ್?”

“ಅಪ್ಪಟ ಸಮುದ್ರ, ಮುನಿಯಕ್ಕ.”

ಆತ ನೀರು ಬದಲಿಸಿದ, ತೊಟ್ಟಿಯ ಗಾಜು ಒರೆಸಿದ. ಹತ್ತು ದಿನದಲ್ಲಿ ಚುಕ್ಕೆಗಳು ಮಾಯವಾದವು. ನೀರು ಶುದ್ಧವಾಗಿದ್ದರೆ ರೋಗ ನಿಲ್ಲುವುದಿಲ್ಲ ಎಂದು ಸಹೋದ್ಯೋಗಿಗಳಿಗೆಲ್ಲ ಭಾಷಣ ಬಿಗಿದದ್ದೂ ಆಯಿತು. ಈಗ ನೋಡಿದರೆ ಸಮುದ್ರಹೂವು ಕರಗಿ ಲೋಳೆಯಾಗಿತ್ತು.

ತಾಮ್ರ ಎಂದರೆ ಮೈಲುತುತ್ತ. ಮೈಲುತುತ್ತ ಇದ್ದದ್ದು ಪಕ್ಕದ ಮನೆಯ ಸೇತುರಾಮನ ಹತ್ತಿರ. ದ್ರಾಕ್ಷಿ ಬಳ್ಳಿಗೆ ಸಿಂಪಡಿಸಲು ಇಟ್ಟುಕೊಂಡಿದ್ದ. ಹೋದ ತಿಂಗಳು ಬದರಿನಾಥ ಚೆಲ್ಲಿದ ಉಪ್ಪುನೀರು ಗೋಡೆಯಾಚೆ ಹರಿದು ಆ ಬಳ್ಳಿಯ ಅರ್ಧ ಸುಟ್ಟುಹೋಗಿತ್ತು. “ಹೋಗ್ಲಿ ಬಿಡು ಗುರು,” ಎಂದು ಸೇತುರಾಮ ನಕ್ಕಿದ್ದ. ಹದಿನೈದು ವರ್ಷದಿಂದ ಅವನು ದಿನಾ ಪೇಪರ್ ಓದುತ್ತಿದ್ದದ್ದು ಈ ಮನೆಯಲ್ಲೇ. ಕೂರುತ್ತಿದ್ದದ್ದು ತೊಟ್ಟಿಯ ಪಕ್ಕದಲ್ಲೇ.

“ಮುನಿಯಕ್ಕ, ಸೇತುರಾಮ ತೊಟ್ಟಿಗೆ ಏನಾದ್ರೂ ಹಾಕಿದ್ದು ನೋಡಿದ್ಯಾ?”

“ದೇವ್ರಾಣೆಗೂ ಅವ್ರು ಏನೂ ಹಾಕ್ಲಿಲ್ಲ, ಸಾರ್.”

ಆದರೂ ಬದರಿನಾಥ ಕಾಂಪೌಂಡಿನ ಮೇಲಿಂದ ಕೇಳಿಯೇಬಿಟ್ಟ. “ಬಳ್ಳಿ ಸೇಡು ತೀರಿಸ್ಕೊಂಡ್ಯಾ?”

ಸೇತುರಾಮ ಈ ಸಲ ನಗಲಿಲ್ಲ. “ಇಷ್ಟು ವರ್ಷ ನಿಮ್ಮನೆ ಕಾಫಿ ಕುಡಿದೋನು ಕಣೋ ನಾನು,” ಎಂದಷ್ಟೇ ಹೇಳಿ ಒಳಗೆ ಹೋದ.

ಮಾರನೇ ದಿನ ಅವನ ಕುರ್ಚಿ ಖಾಲಿಯಿತ್ತು. ಅದರ ಮಾರನೇ ದಿನವೂ. ಅಲಮೇಲು ಮಾತ್ರ ಮೂರು ಲೋಟ ಕಾಫಿ ಮಾಡುವುದನ್ನು ಬಿಡಲಿಲ್ಲ. ಮೂರನೆಯದು ಗಂಡನ ಎದುರೇ ತಣ್ಣಗಾಗುತ್ತಿತ್ತು.

ಐದನೇ ದಿನ ಅವಳೇ ಕೇಳಿದಳು. “ವಿಷ ಅಂತೀರಿ. ಹೂವು ಸತ್ತಿದ್ದು ಸರಿ, ಮೀನು ಯಾಕೆ ಕುಣೀತಿವೆ?”

ಬದರಿನಾಥ ಅವತ್ತೇ ಹುಡುಕಾಟಕ್ಕಿಳಿದ. ಕಾಲೇಜಿನ ಲೈಬ್ರರಿಯಲ್ಲಿ ಧೂಳು ಹಿಡಿದಿದ್ದ ದಪ್ಪ ಪುಸ್ತಕವೊಂದರಲ್ಲಿ ಉತ್ತರ ಸಿಕ್ಕಿತು. ನೀರಿಗೆ ತಾಮ್ರ ಅತಿ ಸ್ವಲ್ಪ ಸೇರಿದರೆ ಬಿಳಿ ಚುಕ್ಕೆಯ ಕ್ರಿಮಿ ಸಾಯುತ್ತದೆ. ಸಮುದ್ರಹೂವು ಮಾತ್ರ ಅದನ್ನು ತಾಳಲಾರದು. ಮೀನು ಉಳಿಸಿದ್ದು ಅವನು ಬದಲಿಸಿದ ನೀರಲ್ಲ, ಆ ವಿಷವೇ. ನೇರ ಸೇತುರಾಮನ ಮನೆಗೆ ನಡೆದ.

“ತಪ್ಪಾಯ್ತು ಕಣೋ. ನೀನು ಹಾಕಿದ್ದು ಔಷಧಿ. ಮೊದಲೇ ಹೇಳಬಾರದಿತ್ತಾ?”

“ನಾನು ವಿಷಾನೂ ಹಾಕಿಲ್ಲ, ಔಷಧೀನೂ ಹಾಕಿಲ್ಲ,” ಎಂದ ಸೇತುರಾಮ ಚಪ್ಪಲಿ ಮೆಟ್ಟುತ್ತ. “ಐದು ದಿನದಿಂದ ಪೇಪರ್ ಓದಿಲ್ಲ. ನಡಿ.”

ಭಾನುವಾರ ಇಬ್ಬರೂ ಪಂಚೆ ಎತ್ತಿಕಟ್ಟಿ ತೊಟ್ಟಿ ಖಾಲಿ ಮಾಡಲು ನಿಂತರು. ತಾಮ್ರ ಹೋಗದೆ ಹೊಸ ಹೂವು ಬದುಕುವಂತಿರಲಿಲ್ಲ. ಮೀನುಗಳನ್ನು ಬಕೆಟ್ಟಿಗೆ ದಾಟಿಸಿ, ನೀರು ಹೊರಹಾಕಿ, ಹಿಂದಿನ ಬಂಡೆ ಎತ್ತಿದ ಬದರಿನಾಥ ಹಾಗೇ ನಿಂತ. ಮರಳಿನಲ್ಲಿ ಹಸಿರು ಕಿಲುಬು ಹಿಡಿದ ತೂತಿನ ಕಾಸುಗಳು ಬಿದ್ದಿದ್ದವು. ಒಂದೆರಡಲ್ಲ, ಒಂದು ಬೊಗಸೆಯಷ್ಟು. ಸೇತುರಾಮ ಒಂದನ್ನು ಎತ್ತಿ ತಿರುಗಿಸಿ ನೋಡಿ, ತಲೆಯಾಡಿಸಿದ.

ಮುನಿಯಕ್ಕ ಪೊರಕೆ ಬಿಸುಟು ಓಡಿಬಂದಳು.

“ತೆಗೀಬೇಡಿ ಸಾರ್, ಹರಕೆ ಅದು! ಮೀನಿಗೆ ವಾಸಿಯಾಗ್ಲಿ ಅಂತ ದಿನಾ ಸಮುದ್ರಕ್ಕೆ ಕೈಮುಗಿದು ಹಾಕಿದ್ದು. ಈಗಿನ ಹಗೂರ ಪೈಸ ತೇಲ್ತಿತ್ತು, ಅದಕ್ಕೇ ನಮ್ಮವ್ವನ ತಾಮ್ರದ ಕಾಸು ತಂದೆ!”